ಮೊದಲು ದಾರಿ, ಆಮೇಲೆ ಕಾಟೇಜು: ಒಂಟಾರಿಯೋದಲ್ಲಿ ಮೊದಲ ಸ್ನೋಮೊಬೈಲ್ ಸವಾರಿಗೆ ಹೊರಡುವವರಿಗೆ

ಜನವರಿ ಬಂತೆಂದರೆ ಭಾರತದಿಂದ ಕೆನಡಾದ ಈ ಪ್ರಾಂತ್ಯಕ್ಕೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಸ್ನೋಮೊಬೈಲ್ ಓಡಿಸಬೇಕು, ಯಾವ ಕಾಟೇಜ್ ಹಿಡಿಯಲಿ?" ಸ್ನೋಮೊಬೈಲ್ ಎಂದರೆ ಸ್ಕೂಟರಿನಂತೆ ಕೂತು ಹಿಮದ ಮೇಲೆ ಓಡಿಸುವ ಗಾಡಿ; ಸ್ಲೆಡ್ ಎಂದೂ ಕರೆಯುತ್ತೇವೆ. ಈ ಪ್ರಶ್ನೆಯ ಕ್ರಮವೇ ತಲೆಕೆಳಗು. ನಾನೂ ಹಾಗೆಯೇ ಶುರು ಮಾಡಿದವನು. ಇಲ್ಲಿಗೆ ಬಂದ ಮೂರನೆಯ ಚಳಿಗಾಲದಲ್ಲಿ ಎರಡು ತಿಂಗಳು ಮುಂಚೆಯೇ ಹ್ಯಾಲಿಬರ್ಟನ್ ಕಡೆ ಮನೆ ಗೊತ್ತು ಮಾಡಿ, ನಾಲ್ಕು ಸಂಸಾರಗಳನ್ನು ಹೊರಡಿಸಿದೆ. ಗುರುವಾರ ರಾತ್ರಿ ಮಳೆ ಹೊಯ್ದಿತು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಸುತ್ತಲಿನ ದಾರಿಗಳೆಲ್ಲ ಮುಚ್ಚಿದ್ದವು. ಮುಂಗಡ ಹಣ ವಾಪಸು ಬರಲಿಲ್ಲ. ಎರಡು ದಿನ ಕಿಟಕಿಯಲ್ಲಿ ಮಳೆ ನೋಡುತ್ತ ಬಿಸಿಬೇಳೆಬಾತ್ ತಿಂದು ಮರಳಿದೆವು. ಮಳೆ ನೋಡಲು ತೀರ್ಥಹಳ್ಳಿಯೇ ಸಾಕಿತ್ತು ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಒಂದು ವಿಷಯ ಮೊದಲು ತಿಳಿದಿರಲಿ. ಸ್ನೋಮೊಬೈಲ್ ಟ್ರೇಲ್ ಎಂದರೆ ಸರ್ಕಾರ ಹಾಕಿಸಿದ ರಸ್ತೆಯಲ್ಲ. ಒಂಟಾರಿಯೋದಲ್ಲಿ ಸುಮಾರು 30,000 ಕಿಲೋಮೀಟರ್ ಉದ್ದದ ಈ ಜಾಲವನ್ನು ಊರೂರಿನ ಕ್ಲಬ್‌ಗಳು, ಬಹುಪಾಲು ಸ್ವಯಂಸೇವಕರ ದುಡಿಮೆಯಿಂದ, ನಡೆಸುತ್ತವೆ. ದಾರಿಯ ದೊಡ್ಡ ಪಾಲು ಖಾಸಗಿ ಜಮೀನಿನ ಮೇಲೆ, ಒಡೆಯರ ಒಪ್ಪಿಗೆಯಿಂದ ಹಾಯುತ್ತದೆ. ನಮ್ಮಲ್ಲಿ ಇನ್ನೊಬ್ಬರ ಅಡಕೆ ತೋಟದ ನಡುವೆ ಕಾಲುದಾರಿ ಇರುತ್ತದಲ್ಲ, ಹಾಗೆ. ಯಾರೋ ಒಬ್ಬ ಉಮೇದಿನಲ್ಲಿ ದಾರಿ ಬಿಟ್ಟು ಗದ್ದೆಗೆ ನುಗ್ಗಿದರೆ ಜಮೀನಿನವರು ಮರುದಿನವೇ ಬೇಲಿ ಹಾಕಬಹುದು. ಆಗ ಎರಡು ಊರುಗಳ ನಡುವಿನ ಕೊಂಡಿಯೇ ಕಳಚುತ್ತದೆ. ಗುರುತಿನ ಫಲಕಗಳ ಆಚೆ ಹಿಮ ಎಷ್ಟೇ ಮೆತ್ತಗೆ, ಅಚ್ಚುಕಟ್ಟಾಗಿ ಕಂಡರೂ ಕಾಲಿಡಬೇಡಿ.

ದಾರಿಯ ಸ್ಥಿತಿ ತಿಳಿಯಲು ಕ್ಲಬ್‌ಗಳ ಒಕ್ಕೂಟವಾದ ಒಎಫ್‌ಎಸ್‌ಸಿಯ ನಕ್ಷೆ ನೋಡಿ. ಹಸಿರು ಎಂದರೆ ದಾರಿ ತೆರೆದಿದೆ, ಕೆಂಪು ಎಂದರೆ ಮುಚ್ಚಿದೆ. ಹೊಸಬರು ಎಡವುವುದು ಹಳದಿಯಲ್ಲಿ. ಹಳದಿ ದಾರಿ ತೆರೆದೇ ಇರುತ್ತದೆ, ಆದರೆ ಹಿಮ ತೆಳುವಾಗಿರಬಹುದು, ಕಲ್ಲು ಮಣ್ಣು ಎದ್ದಿರಬಹುದು, ನೀರು ನಿಂತಿರಬಹುದು, ಯಂತ್ರ ಬಂದು ಹದ ಮಾಡಿರದೆಯೂ ಇರಬಹುದು. ಹಸಿರು ಕೂಡ ದಾರಿ ನುಣುಪಾಗಿದೆ ಎಂಬ ಭರವಸೆಯಲ್ಲ. ಬಣ್ಣವನ್ನು ಬುಧವಾರ ಒಮ್ಮೆ, ಶುಕ್ರವಾರ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಮೊದಲ ಸವಾರಿಯಾದರೆ ಹಸಿರಿರುವ ಕಡೆ ಮಾತ್ರ ಹೋಗಿ ಎಂಬುದು ನನ್ನ ಹಟ.

ಹಿಮ ಬಿದ್ದ ಮಾತ್ರಕ್ಕೆ ದಾರಿ ಸಿದ್ಧವಾಗುವುದಿಲ್ಲ. ಮೊದಲು ನೆಲ ಹೆಪ್ಪುಗಟ್ಟಬೇಕು, ಜೌಗು ಗಟ್ಟಿಯಾಗಬೇಕು. ನೆಲ ಮರಗಟ್ಟುವ ಮೊದಲೇ ದಪ್ಪ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದಂತೆ. ಕೆಳಗಿನ ಕೆಸರು ಹೆಪ್ಪುಗಟ್ಟುವುದೇ ಇಲ್ಲ. ತಳ ಗಟ್ಟಿಯಾದ ಮೇಲೆ ಗ್ರೂಮರ್ ಎಂಬ ದೊಡ್ಡ ಯಂತ್ರ ಉಬ್ಬುಗಳನ್ನು ಕೆತ್ತಿ, ಹಿಮವನ್ನು ಒತ್ತಿ ಸಮ ಮಾಡುತ್ತದೆ. ಹೆಚ್ಚಾಗಿ ಈ ಕೆಲಸ ರಾತ್ರಿ ನಡೆಯುತ್ತದೆ. ಆಗ ಚಳಿ ಹೆಚ್ಚು, ಓಡಾಟ ಕಡಿಮೆ. ಒತ್ತಿದ ಹಿಮ ಗಟ್ಟಿಯಾಗಲು ಕೆಲವು ಗಂಟೆ ಬಿಡುವು ಸಿಗುತ್ತದೆ. ಹಾಗಾಗಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟವನಿಗೆ ಸಿಗುವುದು ಹಾಸುಗಂಬಳಿ. ಮಧ್ಯಾಹ್ನ ಮೂರಕ್ಕೆ ಅದೇ ದಾರಿ ನೂರಾರು ಸ್ಲೆಡ್‌ಗಳ ತುಳಿತದಿಂದ ಮಳೆಗಾಲ ಮುಗಿದ ಘಾಟಿ ರಸ್ತೆಯಂತಾಗಿರುತ್ತದೆ. ಸೊಂಟದ ಮೇಲೆ ಕನಿಕರವಿದ್ದರೆ ಬೇಗ ಏಳಿ.

ಇನ್ನೊಂದು ಸೂಕ್ಷ್ಮ ಇದೆ. ಮಳೆಯಾದ ಮರುದಿನ ಥರ್ಮಾಮೀಟರ್ ಮೈನಸ್ 15 ತೋರಿಸಿದರೆ ದಾರಿ ಗಟ್ಟಿಯಾಯಿತು ಎಂದು ಹಿಗ್ಗಬೇಡಿ, ಅದು ಮಂಜುಗಡ್ಡೆಯ ಹಲಗೆಯಾಗಿರುತ್ತದೆ. ನೀರಿನಿಂದ ತಂಪಾಗುವ ಎಂಜಿನ್ನಿಗೂ, ಗಾಡಿಯ ಅಡಿಯಲ್ಲಿ ತಿರುಗುವ ರಬ್ಬರ್ ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಮೇಲೆ ಚಿಮ್ಮುವ ಪುಡಿಹಿಮವೇ ತಂಪು. ಗಡಸು ದಾರಿಯಲ್ಲಿ ಹಿಮ ಚಿಮ್ಮದೆ ಎಂಜಿನ್ ಬಿಸಿಯೇರುತ್ತದೆ. ಅದಕ್ಕೇ ನೆಲವನ್ನು ಗೀರಿ ಹಿಮ ಎಬ್ಬಿಸುವ ಸ್ಕ್ರಾಚರ್ ಎಂಬ ಸ್ಪ್ರಿಂಗ್ ಕಡ್ಡಿ ಇರುತ್ತದೆ. ಬಾಡಿಗೆ ಗಾಡಿಯಲ್ಲಿ ಅದು ಇದೆಯೇ, ಇಳಿಸುವುದು ಹೇಗೆ ಎಂದು ಕೇಳಿಕೊಳ್ಳಿ.

ಇನ್ನು ಹೆಪ್ಪುಗಟ್ಟಿದ ಸರೋವರದ ಮೇಲಿನ ಸವಾರಿ. ಇಲ್ಲಿ ನನ್ನ ದನಿ ಸ್ವಲ್ಪ ಗಡುಸಾಗುತ್ತದೆ, ಕ್ಷಮಿಸಿ. ನಾವು ಕೆರೆ ನೋಡಿ ಬೆಳೆದವರು, ಅದರ ಮೇಲೆ ಗಾಡಿ ಓಡಿಸಿದವರಲ್ಲ. ಸ್ನೋಮೊಬೈಲಿಗೆ ಕನಿಷ್ಠ 25 ಸೆಂಟಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆ ಬೇಕೆಂದು ಕೆನಡಾದ ರೆಡ್ ಕ್ರಾಸ್ ಹೇಳುತ್ತದೆ, ಅದೂ ತಿಳಿನೀಲಿ ಬಣ್ಣದ್ದು. ಬಿಳಿಯದಕ್ಕೆ ಅದರ ಅರ್ಧದಷ್ಟೇ ಬಲ. ಬೂದು ಬಣ್ಣ ಕಂಡರೆ ಒಳಗೆ ನೀರಿದೆ ಎಂದರ್ಥ, ಹಿಂತಿರುಗಿ. ನದಿ ಸೇರುವ ಬಾಯಿ, ಸೇತುವೆಯ ಕೆಳಗು, ಸರೋವರ ಇಕ್ಕಟ್ಟಾಗುವ ಕಡೆ, ಇಂಥ ಜಾಗಗಳಲ್ಲಿ ಹರಿವಿರುವುದರಿಂದ ಗಡ್ಡೆ ತೆಳು. ಒಂದು ವೇಳೆ ಗಡ್ಡೆ ಒಡೆದು ನೀರಿಗೆ ಬಿದ್ದರೆ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರ 1-10-1 ಲೆಕ್ಕ ನೆನಪಿರಲಿ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು ಒಂದು ಗಂಟೆ. ಮೊದಲ ವರ್ಷ ಕಾಡಿನ ದಾರಿಯೇ ಸಾಕು. ಸರೋವರ ಎಲ್ಲಿಗೂ ಓಡಿಹೋಗುವುದಿಲ್ಲ.

ಕಾಗದಪತ್ರ ಹೆಚ್ಚೇನಿಲ್ಲ: ಡ್ರೈವಿಂಗ್ ಲೈಸೆನ್ಸ್, ಗಾಡಿಯ ನೋಂದಣಿ, ವಿಮೆ, ಟ್ರೇಲ್ ಪರ್ಮಿಟ್. ಬಾಡಿಗೆಯಲ್ಲಿ ಪರ್ಮಿಟ್ ಸೇರಿದೆಯೇ ಎಂದು ಮೊದಲೇ ಕೇಳಿ. ಫಲಕ ಬೇರೆ ಹೇಳದಿದ್ದರೆ ಟ್ರೇಲ್‌ನಲ್ಲಿ ಮಿತಿ ಗಂಟೆಗೆ 50 ಕಿಲೋಮೀಟರ್. ಕುಡಿದು ಸ್ಲೆಡ್ ಓಡಿಸಿ ಸಿಕ್ಕಿಬಿದ್ದರೆ ಕಾರಿನ ಲೈಸೆನ್ಸೂ ಹೋಗುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದೆ ಕೂರಿಸುವ ಆಸೆಯಿದ್ದರೆ, ಅವರ ಪ್ರವಾಸ ವಿಮೆ ಸ್ನೋಮೊಬೈಲನ್ನು ಹೊರಗಿಟ್ಟಿದೆಯೇ ಎಂದು ಓದಿ ನೋಡಿ.

ಮೈನಸ್ 20ರಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಮುಖಕ್ಕೆ ತಾಕುವುದು ಮೈನಸ್ 35ರ ಚಳಿ. ಒಳಗೆ ಹತ್ತಿಯ ಬಟ್ಟೆ ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಹಾಕಿ. ಮೊಬೈಲ್ ಎದೆಯ ಒಳಜೇಬಿನಲ್ಲಿರಲಿ, ಹೊರಗಿಟ್ಟರೆ ಬ್ಯಾಟರಿ ಬಹುಬೇಗ ಸಾಯುತ್ತದೆ. ಬುತ್ತಿಗೆ ಮೊಸರನ್ನ ತಂದ ಗೆಳೆಯರೊಬ್ಬರು ಮಧ್ಯಾಹ್ನ ಇಟ್ಟಿಗೆಯನ್ನು ಚಮಚದಿಂದ ಕೆದಕುತ್ತ ಕುಳಿತಿದ್ದರು. ಕೋಡುಬಳೆ, ನಿಪ್ಪಟ್ಟು ಯಾವ ಚಳಿಗೂ ಜಗ್ಗುವುದಿಲ್ಲ.

ದಿನಕ್ಕೆ ನೂರು ಕಿಲೋಮೀಟರ್ ಮೀರದ ಯೋಜನೆ ಹಾಕಿ. ಜನವರಿಯಲ್ಲಿ ಐದು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಪೆಟ್ರೋಲ್ ಸಿಗುವ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ, ಅರ್ಧ ಟ್ಯಾಂಕ್ ಆದ ಕೂಡಲೇ ತುಂಬಿಸಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿರುವ ಒಬ್ಬರಿಗೆ ಬರೆದು ಕೊಡಿ. ಕಾಡಿನಲ್ಲಿ ಸಿಗ್ನಲ್ ನಂಬಬೇಡಿ. ರದ್ದು ಮಾಡಿದರೆ ಹಣ ಮರಳಿಸುವ ಕಾಟೇಜನ್ನೇ ಹಿಡಿಯಿರಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ.

ಕೊನೆಯದಾಗಿ, ಬಲಕ್ಕೆ ಇರಿ. ಕಾರಿನಲ್ಲಿ ಈಗಾಗಲೇ ರೂಢಿಯಾಗಿದೆ ಎನ್ನುತ್ತೀರಿ. ಗೆರೆಯಿಲ್ಲದ ಬಿಳಿ ದಾರಿಯ ತಿರುವಿನಲ್ಲಿ, ಎದುರಿಗೆ ದೀಪ ಕಂಡಾಗ, ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ; ನನಗೇ ಎಳೆದಿತ್ತು. ಸಂಜ್ಞೆಗಳಿಗೆಲ್ಲ ಎಡಗೈ, ಏಕೆಂದರೆ ಬಲಗೈ ಹೆಬ್ಬೆರಳು ವೇಗ ಕೊಡುವ ಥ್ರಾಟಲ್ ಮೇಲಿರುತ್ತದೆ. ಎದುರು ಬರುವವರು ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದರೆ ಹಿಂದೆ ಇನ್ನೂ ಸ್ಲೆಡ್‌ಗಳಿವೆ. ಮುಷ್ಟಿ ಕಟ್ಟಿ ಎತ್ತಿದವರು ಆ ಗುಂಪಿನ ಕೊನೆಯವರು. ನಮ್ಮ ಗುಂಪಿನಲ್ಲಿ ಕೊನೆಯ ಸ್ಲೆಡ್ ನನ್ನದೇ. ಹೊಸಬರು ಯಾವಾಗಲೂ ನನ್ನ ಮುಂದೆ.