ಪ್ರೆಶರ್ ವಾಷರ್ ಜಾಯಿಂಟ್ ಸೋರ್ತಿದ್ರೆ ಓ-ರಿಂಗ್ ಬದಲಾಯಿಸಿ

ಕೋಲಾರ, ಮಾಲೂರು ಕಡೆ ಕೊಟ್ಟಿಗೆ, ಟ್ರ್ಯಾಕ್ಟರ್ ತೊಳೆಯೋಕೆ ಪ್ರೆಶರ್ ವಾಷರ್ ಇಟ್ಕೊಂಡಿರೋರು ಗಮನಿಸಿ. ಪೈಪ್ ಸೇರೋ ಕಡೆ ನೀರು ಚಿಮ್ಮಿದ್ರೆ ಸ್ಪ್ಯಾನರ್ ಹಾಕಿ ಬಿಗಿ ಮಾಡ್ಬೇಡಿ. ಅಲ್ಲಿ ನೀರು ತಡೆಯೋದು ಥ್ರೆಡ್ ಅಲ್ಲ, ಒಳಗಿನ ಓ-ರಿಂಗ್, ಅಂದ್ರೆ ರಬ್ಬರ್ ಬಳೆ. ಟೆಫ್ಲಾನ್ ಟೇಪೂ ಕೆಲಸಕ್ಕೆ ಬರಲ್ಲ.

ಮೊದಲು ಮೋಟರ್ ಆಫ್ ಮಾಡಿ, ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ, ಗನ್ ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಪೂರ್ತಿ ಬಿಡಿ. ಈ ಹಂತ ಯಾವತ್ತೂ ತಪ್ಪಿಸಬೇಡಿ, ಪ್ರೆಶರ್‌ನಲ್ಲಿ ಚಿಮ್ಮೋ ನೀರು ಚರ್ಮ ಸೀಳುತ್ತೆ.

ಹಳೇ ರಿಂಗನ್ನು ಟೂತ್‌ಪಿಕ್‌ನಿಂದ ಎತ್ತಿ. ಸ್ಕ್ರೂಡ್ರೈವರ್ ತಾಗಿ ರಿಂಗ್ ಕೂರೋ ತೋಡಿನಲ್ಲಿ ಗೀರು ಬಿದ್ರೆ ಹೊಸ ರಿಂಗೂ ಸೋರುತ್ತೆ. ನಮ್ಮ ಬೋರ್‌ವೆಲ್ ಗಡಸು ನೀರಿಗೆ ಅಲ್ಲಿ ಬಿಳಿ ಸುಣ್ಣ ಕಟ್ಟಿರುತ್ತೆ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಒರೆಸಿ, ತೊಳೀರಿ.

ಅಂಗಡಿಗೆ ಹಳೇ ರಿಂಗ್ ಜೊತೆ ಫಿಟ್ಟಿಂಗೂ ಒಯ್ಯಿರಿ. ಎಂ22 (22 ಮಿ.ಮೀ. ಥ್ರೆಡ್) ಫಿಟ್ಟಿಂಗ್ ಒಳಗಿನ ಪಿನ್ 14 ಮಿ.ಮೀ., 15 ಮಿ.ಮೀ. ಎರಡೂ ಇವೆ. 15ರ ತೂತಿಗೆ 14ರ ಪಿನ್ ಹಾಕಿದ್ರೆ ಥ್ರೆಡ್ ಕೂರುತ್ತೆ, ಸೋರಿಕೆ ನಿಲ್ಲಲ್ಲ. ತಣ್ಣೀರಿಗೆ ನೈಟ್ರೈಲ್ ರಬ್ಬರ್ ರಿಂಗ್ ಸಾಕು, ಬಿಸಿನೀರಿನ ಮಷೀನಿಗೆ ಶಾಖ ತಡೆಯೋ ವೈಟಾನ್ ರಬ್ಬರಿಂದು ಕೇಳಿ. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ, ಗ್ರೀಸ್ ಇಲ್ಲದೆ ಹಾಗೇ ತಳ್ಳಿದ್ರೆ ರಿಂಗ್ ಮಡಚಿ ಹರಿದುಹೋಗುತ್ತೆ. ನಟ್ಟು ಕೈಯಲ್ಲೇ ಬಿಗಿ ಮಾಡಿದ್ರೆ ಸಾಕು.