ಆಚಾರ್ರ ಹತ್ತಿರ ದರಕ್ಕಿಂತ ಮೊದಲು ಅಳತೆ ಮಾತಾಡಿದೆ

ಸಾಗರದ ನಮ್ಮ ಹಳೇ ಮನೆಯಲ್ಲಿ ಅಡುಗೆಮನೆಯ ಕಪಾಟು, ಕೋಣೆಯ ಬಟ್ಟೆ ಬೀರು, ಹಿಂಬಾಗಿಲು ಇಷ್ಟನ್ನೂ ಹೊಸದಾಗಿ ಮಾಡಿಸಿದೆವು. ಮಾಡ್ಯುಲರ್ ಕಂಪನಿಯವರನ್ನು ಕರೆಸಬಹುದಿತ್ತು. ಆದರೆ ಹಳೇ ಮನೆಯ ಗೋಡೆ ಎಲ್ಲಿ ನೆಟ್ಟಗಿರುತ್ತದೆ? ಮೇಲೊಂದು ಅಳತೆ, ಕೆಳಗೊಂದು ಅಳತೆ. ಗೋಡೆ ಹೇಗಿದೆಯೋ ಹಾಗೆ ಕೊಯ್ದು ಕೂರಿಸುವವರು ಬೇಕಿತ್ತು. ಊರಿನ ಬಡಗಿಗಳನ್ನೇ, ಅಂದರೆ ನಾವು ಆಚಾರ್ರು ಅನ್ನುವವರನ್ನೇ, ಹುಡುಕಿದೆ.

ಗಟ್ಟಿಮರಕ್ಕೆ ಒಬ್ಬರು, ಪ್ಲೈವುಡ್ಡಿಗೆ ಇನ್ನೊಬ್ಬರು ಅಂತ ಮೊದಲೇ ತೀರ್ಮಾನಿಸಿದ್ದೆ. ಬಾಗಿಲು, ದಾರಂದ (ಬಾಗಿಲಿನ ಚೌಕಟ್ಟು) ಮಾಡುವ ಆಚಾರ್ರು ಹಲಗೆ ನೋಡಿದ ಕೂಡಲೇ ಎಲ್ಲಿ ಬಿಳಿ (ಹೊರಗಿನ ಮೆದು ಮರ), ಎಲ್ಲಿ ಚೇಗು (ಒಳಗಿನ ಗಟ್ಟಿ ಮರ) ಅಂತ ಹೇಳಿಬಿಡುತ್ತಾರೆ. ಪ್ಲೈ ಕೆಲಸದವರ ಜಾಣತನ ಬೇರೆ. ಹಾಳೆಯನ್ನು ದಂಡವಾಗದ ಹಾಗೆ ಕತ್ತರಿಸುವುದು, ಅಂಚು ಕಾಣದ ಹಾಗೆ ಲ್ಯಾಮಿನೇಟ್ ಅಂಟಿಸುವುದು, ಹಿಂಜ್ ಕೂರಿಸುವುದು ಅವರ ಕೈಗೆ ಸಲೀಸು. ಎರಡರಲ್ಲೂ ಪಳಗಿದವರು ಇದ್ದಾರೆ, ಆದರೆ ಕಡಿಮೆ.

ಮೊಬೈಲಿನ ಫೋಟೋ ನೋಡಿ ಯಾರನ್ನೂ ಒಪ್ಪಲಿಲ್ಲ. ಹೊಸತರಲ್ಲಿ ಎಲ್ಲವೂ ಚಂದವೇ ಅಲ್ವಾ? ನಾಲ್ಕೈದು ಮಳೆಗಾಲ ಕಂಡ ಕೆಲಸ ತೋರಿಸಿ ಅಂದೆ. ಅಂಥ ಮನೆಗೆ ಹೋದಾಗ ಸಿಂಕಿನ ಕೆಳಗಿನ ಬಾಗಿಲು ತೆಗೆದು ನೋಡುವುದು ನನ್ನ ಮೊದಲ ಪರೀಕ್ಷೆ. ಪ್ಲೈ ಉಬ್ಬಿದೆಯಾ, ಅಂಚಿನ ಪಟ್ಟಿ ಎದ್ದಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮನೆಯವರಿಗೆ ಒಂದೇ ಪ್ರಶ್ನೆ: ದುಡ್ಡು ಪೂರ್ತಿ ಕೊಟ್ಟ ಮೇಲೂ ಕರೆದರೆ ಬರುತ್ತಾರಾ?

ಇನ್ನು ಲೆಕ್ಕದ ವಿಷಯ. ಮೂರು ರೀತಿ ನಡೆಯುತ್ತದೆ: ದಿನಗೂಲಿ, ಚದರಡಿಗೆ ಇಷ್ಟು ಅಂತ ಮಜೂರಿ, ಸಾಮಾನು ಸಮೇತ ಗುತ್ತಿಗೆ. ಗುತ್ತಿಗೆ ಕೊಟ್ಟರೆ ಓಡಾಟ ಕಡಿಮೆ. ಆದರೆ ಲ್ಯಾಮಿನೇಟ್ ಹೊದಿಸಿದ ಮೇಲೆ ಒಳಗಿರುವ ಪ್ಲೈ ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ನಾನು ಪ್ಲೈ ಕೆಲಸವನ್ನು ಚದರಡಿ ಮಜೂರಿಗೆ ಕೊಟ್ಟೆ, ಸಾಮಾನು ನನ್ನದು. ಹಿಂಬಾಗಿಲಿಗೆ ದಿನಗೂಲಿ. ಗಟ್ಟಿಮರದ ಕೆಲಸದಲ್ಲಿ ಅವಸರ ಸಲ್ಲದು, ಅಳತೆಗೆ ದುಡ್ಡು ಅಂದರೆ ಯಾರಿಗಾದರೂ ಅವಸರ ಬಂದೇ ಬರುತ್ತದೆ.

ಎಲ್ಲರೂ ಚದರಡಿಗೆ ಎಷ್ಟು ಅಂತ ಚೌಕಾಸಿ ಮಾಡುತ್ತಾರೆ. ಯಾವುದನ್ನು ಅಳೆಯುತ್ತೀರಿ ಅಂತ ಕೇಳುವವರು ಕಡಿಮೆ. ಸಾಮಾನ್ಯವಾಗಿ ಅಳೆಯುವುದು ಎದುರಿನ ಮುಖ ಮಾತ್ರ. 7 ಅಡಿ ಎತ್ತರ, 6 ಅಡಿ ಅಗಲದ ಬೀರು ಅಂದರೆ 42 ಚದರಡಿ. ಒಳಗೆ ಎರಡು ಹಲಗೆ ಇರಲಿ, ಹತ್ತು ಇರಲಿ, ಲೆಕ್ಕ ಅಷ್ಟೇ. ಜಗಳ ಹುಟ್ಟುವುದೇ ಇಲ್ಲಿ. ಕೆಲಸ ಅರ್ಧ ಆದಾಗ ಮನೆಯವರು "ಇಲ್ಲೊಂದು ಡ್ರಾಯರ್ ಇರಲಿ" ಅನ್ನುತ್ತಾರೆ. ಡ್ರಾಯರ್ ಅಂದರೆ ನಾಲ್ಕು ಬದಿ, ಒಂದು ತಳ, ಎರಡು ಚಾನೆಲ್, ಅರ್ಧ ದಿನದ ಕೆಲಸ. ಮುಖದ ಅಳತೆ ಮಾತ್ರ ಒಂದಿಂಚೂ ಹೆಚ್ಚಾಗುವುದಿಲ್ಲ. ಅವರು ಗೊಣಗದೆ ಇನ್ನೇನು ಮಾಡಿಯಾರು?

"ಆಚಾರ್ರೇ, ಡ್ರಾಯರ್ ಈ ದರದೊಳಗೇ ಬಂತಾ?" ಅಂತ ಪ್ಲೈ ಕೆಲಸದವರನ್ನು ಮೊದಲೇ ಕೇಳಿದೆ.

"ಬೀರುವಿಗೆ ಎರಡು ಬಂತು. ಮೂರನೇದು ಬೇರೆ. ಲಾಫ್ಟೂ ಬೇರೆ," ಅಂದರು.

ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರದ ಪಕ್ಕವೇ ಬರೆದೆ. ಒಳಗೂ ಲ್ಯಾಮಿನೇಟ್ ಅಂಟಿಸುವುದಾ, ಹಳೇ ಕಪಾಟು ಕಿತ್ತು ಹಾಕುವವರು ಯಾರು, ಸಾಮಾನು ಮೇಲಕ್ಕೆ ಹೊತ್ತು ತರುವ ಕೂಲಿ ಯಾರದು ಅನ್ನುವುದೂ ಅದರಲ್ಲಿತ್ತು. ಬರೆದರೆ ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ಸ್ವಲ್ಪ ಅಳುಕಿತ್ತು. ಅವರೇ ಆ ಪುಟದ ಫೋಟೋ ತೆಗೆದುಕೊಂಡರು.

ಪ್ಲೈ ಎಷ್ಟು ಬೇಕು ಅನ್ನುವುದನ್ನೂ ನಾವೇ ಅಂದಾಜು ಮಾಡಬಹುದು. ಅದೇ ಬೀರು, 2 ಅಡಿ ಆಳ. ಬಾಗಿಲಿಗೆ 42 ಚದರಡಿ. ಎರಡು ಪಕ್ಕ, ನಡುವಿನ ಗೋಡೆ ಸೇರಿ ಇನ್ನೊಂದು 42. ಮೇಲೆ ಕೆಳಗೆ 24. ಮೂರಡಿಯ ಆರು ಹಲಗೆಗೆ 36. ಒಟ್ಟು 144. 8 ಅಡಿಗೆ 4 ಅಡಿಯ ಒಂದು ಹಾಳೆ 32 ಚದರಡಿ. ಕತ್ತರಿಸುವಾಗ ಹೋಗುವುದೂ ಸೇರಿ ಐದಾರು ಹಾಳೆ ಸಾಕು. ಡ್ರಾಯರ್, ಹಿಂಬದಿಯ 6 ಮಿಮೀ ಹಾಳೆ ಬೇರೆ. ಯಾರಾದರೂ ಹತ್ತು ಹಾಳೆ ಅಂದರೆ ಯಾಕೆ ಅಂತ ಕೇಳಲು ಧೈರ್ಯ ಬರುತ್ತದೆ. ಅಡುಗೆಮನೆಗೆ ಮಾತ್ರ ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮರೈನ್ ಪ್ಲೈ ತಂದೆ. ಕೋಣೆಯ ಬೀರುವಿಗೆ ಅಷ್ಟು ದುಬಾರಿಯದು ಬೇಕಿಲ್ಲ.

ಹಿಂಬಾಗಿಲಿಗೆ ನಮ್ಮ ತೋಟದ ಹಲಸು. ಸಾಮಿಲ್ಲಿನಲ್ಲಿ ಹಲಗೆ ಕೊಯ್ಸಿ, ಗಾಳಿಯಾಡಲು ನಡುನಡುವೆ ರೀಪು (ತೆಳು ಮರದ ಪಟ್ಟಿ) ಕೊಟ್ಟು, ಅಟ್ಟದ ಮೇಲೆ ಪೇರಿಸಿ ವರ್ಷಗಳೇ ಆಗಿದ್ದವು. ಚೆನ್ನಾಗಿ ಒಣಗಿತ್ತು. ಹಸಿ ಮರ ತಂದು ಬಾಗಿಲು ಮಾಡಿಸಿದರೆ ಅದು ಒಣಗುತ್ತಾ ಸೊಟ್ಟಗಾಗುತ್ತದೆ, ಆಮೇಲೆ ಆಚಾರ್ರನ್ನು ಬೈದು ಏನು ಪ್ರಯೋಜನ? ಮರ ಕೊಳ್ಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಇಟ್ಟು ಗುಣಿಸಿ. 144ರಿಂದ ಭಾಗಿಸಿ. ಬಂದದ್ದು ಘನ ಅಡಿ. 5 ಇಂಚು ಅಗಲ, 3 ಇಂಚು ದಪ್ಪ, 7 ಅಡಿ ಉದ್ದದ ದಾರಂದದ ಕಾಲು ಸುಮಾರು 0.73 ಘನ ಅಡಿ.

ಬೇಸಿಗೆಯಲ್ಲಿ ಕೂರಿಸಿದ ಆ ಬಾಗಿಲಿಗೂ ದಾರಂದಕ್ಕೂ ನಡುವೆ ಆಚಾರ್ರು ಒಂದು ನಾಣ್ಯ ತೂರುವಷ್ಟು ಸಂದು ಬಿಟ್ಟರು. ನನ್ನ ಹೆಂಡತಿಗೆ ಅದು ಸಡಿಲ ಅನ್ನಿಸಿತು. "ಆಷಾಢದಲ್ಲಿ ನೋಡಿ ಅಮ್ಮಾ," ಅಂದರು. ನಮ್ಮ ಮಳೆಗೆ ಮರ ಉಬ್ಬಿ ಆ ಸಂದು ಹೆಚ್ಚುಕಡಿಮೆ ಮುಚ್ಚಿಹೋಯಿತು, ಬಾಗಿಲು ಮಾತ್ರ ಸಿಕ್ಕಿಕೊಳ್ಳಲಿಲ್ಲ. ಪಾಲಿಶ್ ಕೂಡ ಮಳೆಗೆ ಮೊದಲೇ ಮುಗಿಸಿದ್ದರು. ಥಂಡಿ ಗಾಳಿಯಲ್ಲಿ ಹೊಡೆದರೆ ಮೇಲೆ ಬಿಳಿ ಮಂಕು ಬರುತ್ತದೆ.

ಕಾರ್ಪೆಂಟರು ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಅನ್ನುವ ದೂರು ಎಲ್ಲ ಕಡೆ ಇದೆ. ಅದು ಪೂರ್ತಿ ಅವರ ತಪ್ಪಲ್ಲ. ಪ್ಲಂಬರ್ ಬಂದಿಲ್ಲ, ಟೈಲ್ಸ್ ಮುಗಿದಿಲ್ಲ, ಕರೆಂಟ್ ಪಾಯಿಂಟ್ ಎಲ್ಲಿ ಅಂತ ತೀರ್ಮಾನವಾಗಿಲ್ಲ. ಅಂಥ ಮನೆಯಲ್ಲಿ ಸುಮ್ನೆ ಕೂತರೆ ಅವರಿಗೆ ಕೂಲಿ ಕೊಡುವವರು ಯಾರು? ಮೊದಲು ಪೈಪು, ವೈರು, ಟೈಲ್ಸ್ ಮುಗಿಸಿ, ಆಮೇಲೆ ಮರದ ಕೆಲಸಕ್ಕೆ ಕರೆದೆ. ಗೋಡೆಯ ಕೊನೇ ಕೋಟ್ ಬಣ್ಣ ಎಲ್ಲದರ ನಂತರ. ದುಡ್ಡನ್ನು ಪ್ರತಿ ಶನಿವಾರ ಆದ ಕೆಲಸ ನೋಡಿ ಕೊಟ್ಟೆ. ಕೊನೆಯ ಕಂತು ಹಿಡಿಕೆ, ಹಿಂಜ್, ಬೀಗ ಎಲ್ಲ ಸರಿ ಕೂತ ಮೇಲೆ.

ಉಳಿದ ಪ್ಲೈ ಚೂರು, ಲ್ಯಾಮಿನೇಟ್ ತುಂಡುಗಳನ್ನು ಎಸೆಯಲು ಬಿಡಲಿಲ್ಲ. ಲ್ಯಾಮಿನೇಟಿನ ಹಿಂಬದಿಯ ನಂಬರನ್ನು ಬೀರುವಿನ ಬಾಗಿಲ ಒಳಗೆ ಪೆನ್ಸಿಲಿನಲ್ಲಿ ಬರೆಸಿಟ್ಟೆ. ಮುಂದೊಂದು ದಿನ ಬಾಗಿಲು ಬದಲಿಸಬೇಕಾದರೆ ಅದೇ ಬಣ್ಣ ಹುಡುಕಲು ಬೇಕಾಗುತ್ತದೆ. ಆ ನಂಬರು ನಿಂತುಹೋಗಿದ್ದರೆ ಉಳಿಸಿದ ತುಂಡೇ ಗತಿ.