ನಾಲ್ಕನೇ ಸೀಟಿನ ಕಿರಿಕಿರಿಯಲ್ಲಿ ನಮ್ಮನ್ನು ನಾವೇ ನೋಡಿಕೊಳ್ಳುವ ಬಗೆ

ದಿನವಿಡೀ ನನ್ನನ್ನು ನಾನೇ ಗಮನಿಸುತ್ತಾ ಎಚ್ಚರವಾಗಿರುತ್ತೇನೆಂದು ಹೊರಟರೆ ಮಧ್ಯಾಹ್ನದ ಊಟದೊಳಗೇ ಮರೆತುಹೋಗುತ್ತದೆ. ಹಾಗಾಗಿ ನಾನು ಮೂರೇ ಹೊತ್ತು ಇಟ್ಟುಕೊಂಡಿದ್ದೇನೆ: ಬೆಳಗಿನ ಮುಂಬಯಿ ಲೋಕಲ್ ರೈಲಿನಲ್ಲಿ ಠಾಣೆಯಿಂದ ಘಾಟ್ಕೋಪರ್‌ವರೆಗೆ, ಆಫೀಸಿನಲ್ಲಿ ಖಾರದ ಮೇಲ್‌ಗೆ ಉತ್ತರ ಕಳಿಸುವ ಮುಂಚೆ, ರಾತ್ರಿ ಊರಿಂದ ಫೋನ್ ಬಂದಾಗ. ಮೂರರಲ್ಲೂ ಕಿರಿಕಿರಿ ಗ್ಯಾರಂಟಿ, ಆರಿಸಿದ್ದೂ ಅದಕ್ಕೇ. ಮನಸ್ಸು ತಣ್ಣಗಿರುವಾಗ ಕೂತು ನೋಡಿದರೆ ನಾವು ಎಂಥವರೆಂದು ಅಷ್ಟಾಗಿ ಗೊತ್ತಾಗುವುದಿಲ್ಲ.

ಮೂವರ ಸೀಟಿನಲ್ಲಿ ನಾಲ್ಕನೆಯವರು ತುದಿಗೆ ಕೂರುವುದು ಮುಂಬಯಿಯ ಬರೆಯದ ಕಾನೂನು. "ಥೋಡಾ ಸರ್ಕೋ" ಅಂದರೆ ಜರುಗಲೇಬೇಕು. ಜರುಗಿ, ಆದರೆ ಆ ಮಾತು ಕಿವಿಗೆ ಬಿದ್ದಾಗ ಮೈಯಲ್ಲಿ ಏನಾಯಿತೆಂದು ನೋಡಿ. ನನಗೆ ಮೊದಲು ತೊಡೆ ಬಿಗಿಯುತ್ತದೆ, ಉಸಿರು ಎದೆಯ ಮೇಲುಗಡೆಯೇ ನಿಲ್ಲುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಇಷ್ಟಾದ ಮೇಲೆ ತಲೆಯೊಳಗೆ ಮಾತು ಶುರು: ಆಚೆ ಸೀಟಿನವರು ಕಾಣಲಿಲ್ಲವಾ ಇವನಿಗೆ? ಮಾತಿನ ಹಿಂದೆ ಹೋದಿರೋ, ಘಾಟ್ಕೋಪರ್ ಬಂದರೂ ವಾದ ಮುಗಿಯುವುದಿಲ್ಲ. ಬಿಗಿದ ಜಾಗದಲ್ಲೇ ಗಮನ ಇದ್ದರೆ ಒಮ್ಮೊಮ್ಮೆ ನಾಲ್ಕೈದು ಉಸಿರಿನಲ್ಲಿ ಸಡಿಲವಾಗುತ್ತದೆ, ಒಮ್ಮೊಮ್ಮೆ ಆಗುವುದಿಲ್ಲ. ಸಡಿಲ ಮಾಡುವುದು ನಮ್ಮ ಕೆಲಸವಲ್ಲ. ಕಣ್ಣು ತೆರೆದೇ ಇರಲಿ. ಬಾಗಿಲ ಹತ್ತಿರ ನಿಂತವರಿಗಂತೂ ಇದು ಬೇಡ, ಅಲ್ಲಿ ಗಮನವೆಲ್ಲ ಕೈಗೂ ಕಾಲಿಗೂ ಬೇಕು.

ಈ ಅಭ್ಯಾಸ ಕೆಡುವುದು ಹೆಚ್ಚಾಗಿ ಎರಡು ಕಡೆ. "ಸಿಟ್ಟು ಬಂತು, ಏರಿತು, ಇಳಿಯಿತು" ಎಂದು ಒಳಗೇ ಕ್ರಿಕೆಟ್ ಕಾಮೆಂಟರಿ ಶುರುವಾಗುತ್ತದೆ; ಮಾತು ನಡೆಯುತ್ತಿರುತ್ತದೆ, ನೋಡುವುದು ನಿಂತಿರುತ್ತದೆ. ಇನ್ನೊಂದು, ಸಿಟ್ಟು ಹೋಗಲೆಂದೇ ನೋಡುವುದು. ಹೋಗದಿದ್ದರೆ ಸಿಟ್ಟಿನ ಮೇಲೇ ಸಿಟ್ಟು. ಅಂಥಾ ದಿನ ಕಾಲಿನ ಅಡಿ ನೆಲಕ್ಕೆ ತಾಗಿದ್ದು, ಫ್ಯಾನಿನ ಸದ್ದು, ಇಷ್ಟು ಗಮನಿಸಿದರೆ ಸಾಕು. ಮೈಯ ಕಡೆ ಗಮನ ಹೋದಷ್ಟೂ ಗಾಬರಿ ಏರುವವರು ನಿಲ್ಲಿಸಿ ಡಾಕ್ಟರನ್ನು ಕಾಣಬೇಕು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಫೋನ್ ಇದಕ್ಕಿಂತ ಕಷ್ಟ. "ಎಂತ ಮಾರಾಯ, ಜಾಗದ ಕಾಗದಕ್ಕೆ ಸಹಿ ಹಾಕ್ಲಿಕ್ಕೆ ಯಾವಾಗ ಬರುದು ನೀನು?" ಎಂದು ಅಕ್ಕ ತುಳುವಿನಲ್ಲಿ ಕೇಳಿದ ಕೂಡಲೇ "ಮುಂದಿನ ತಿಂಗಳು ನೋಡ್ತೇನೆ ಅಕ್ಕ" ಎಂಬ ಉತ್ತರ ಬಾಯಿಗೆ ಬಂದಿರುತ್ತದೆ. ಇಲ್ಲಿ ಸಿಟ್ಟಿಲ್ಲ, ಅಳುಕಿದೆ. ಅಳುಕು ಸುಲಭಕ್ಕೆ ಸಿಗುವುದಿಲ್ಲ, ಒಳ್ಳೆಯತನದ ವೇಷದಲ್ಲಿರುತ್ತದೆ. ಸ್ವರ ಸಣ್ಣಗಾಗುವುದು, ಹೊಟ್ಟೆಯೊಳಗೆ ಭಾರವಾಗುವುದು ಇವೇ ಗುರುತು. ಒಂದು ಉಸಿರು ಪೂರ್ತಿ ಹೊರಗೆ ಬಿಟ್ಟು ಆಮೇಲೆ ಮಾತಾಡುತ್ತೇನೆ. ಎರಡು ಉಸಿರು ಬಿಟ್ಟರೆ ಆಚೆಯಿಂದ "ಹಲೋ, ಕೇಳ್ತದಾ?" ಬರುತ್ತದೆ. ಆ ಒಂದು ಉಸಿರಿನಲ್ಲಿ ಹಳೇ ಉತ್ತರ ತಪ್ಪಿ, "ನಂಗೆ ಈಗ ಬರ್ಲಿಕ್ಕೆ ಮನಸ್ಸಿಲ್ಲ ಅಕ್ಕ" ಎಂಬ ನಿಜ ಹೊರಗೆ ಬರಬಹುದು. ಬಿಡುಗಡೆ ಅಂದರೆ ನನ್ನ ಮಟ್ಟಿಗೆ ಇಷ್ಟೇ. ಅಕ್ಕನ ಬೇಸರ ತಪ್ಪುವುದಿಲ್ಲ, ಅದನ್ನೂ ಕೇಳಿಸಿಕೊಳ್ಳಬೇಕು.

ನಾಸಿಕದ ಹತ್ತಿರದ ಇಗತ್‌ಪುರಿಯಲ್ಲಿ ಧಮ್ಮಗಿರಿ ಎಂಬ ಧ್ಯಾನಕೇಂದ್ರ ಇದೆ, ಅಲ್ಲಿ ವಿಪಶ್ಯನ ಧ್ಯಾನ ಕಲಿಸಿದ ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ಶಿಬಿರ ನಡೆಯುತ್ತದೆ. ಅಲ್ಲಿ ಮೊದಲು ಉಸಿರು, ಆಮೇಲೆ ಮೈಯ ಸಂವೇದನೆ, ಮೌನ, ಫೋನೂ ಇಲ್ಲ. ಮೈಯ ಸೂಕ್ಷ್ಮ ಕಲಿಯಲು ಒಳ್ಳೆಯದು, ಆದರೆ ಅಲ್ಲಿ ಅಕ್ಕನ ಫೋನ್ ಬರುವುದಿಲ್ಲ. ತಮ್ಮನ್ನು ಜಗದ್ಗುರುವೆಂದು ನಂಬಿದವರು ಕಟ್ಟಿದ್ದ ಸಂಘವನ್ನು 1929ರಲ್ಲಿ ವಿಸರ್ಜಿಸಿದ ಚಿಂತಕ ಜೆ. ಕೃಷ್ಣಮೂರ್ತಿ, ನಮ್ಮನ್ನು ನಾವು ನೋಡಿಕೊಳ್ಳಲು ಯಾವ ವಿಧಾನವನ್ನೂ ಒಪ್ಪುತ್ತಿರಲಿಲ್ಲ. ಮುಂಬಯಿಯಲ್ಲೂ ಅನೇಕ ವರ್ಷ ಅದನ್ನೇ ಹೇಳಿದರು. ಅವರ ಲೆಕ್ಕದಲ್ಲಿ ನನ್ನ ಮೂರು ಹೊತ್ತೂ ಒಂದು ವಿಧಾನವೇ. ಆ ಆಕ್ಷೇಪ ಸರಿ ಅನ್ನಿಸುತ್ತದೆ. ಆದರೂ ಹೊತ್ತು ಇಟ್ಟುಕೊಳ್ಳುತ್ತೇನೆ, ಏನು ಕಾಣಬೇಕೆಂದು ಮಾತ್ರ ಇಟ್ಟುಕೊಳ್ಳುವುದಿಲ್ಲ.

ಮಲಗುವ ಮುಂಚೆ ಒಂದು ಸಾಲು ಬರೆಯುತ್ತೇನೆ: ಎಲ್ಲಿ ಬಿಗಿಯಿತು, ಯಾವ ಮಾತು ಬಂತು. "ಯಾಕೆ" ಎಂದು ಬರೆಯುವುದಿಲ್ಲ, ಬರೆದರೆ ಅಪ್ಪ, ಅಮ್ಮ, ಬಾಲ್ಯ ಎಂದು ಪುಟ ತುಂಬುತ್ತದೆ. ಮಾತು ಬಂದ ಭಾಷೆಯಲ್ಲೇ ಬರೆಯಬೇಕು. ನನ್ನ ಜಗಳವೆಲ್ಲ ಹಿಂದಿಯಲ್ಲಿ, ಆಫೀಸಿನ ಹೆದರಿಕೆ ಇಂಗ್ಲಿಷಿನಲ್ಲಿ, ಅಳುಕು ತುಳುವಿನಲ್ಲಿ. ಎಲ್ಲವನ್ನೂ ಗ್ರಂಥದ ಕನ್ನಡಕ್ಕೆ ಇಳಿಸಿದರೆ ಓದಲು ಚಂದ, ಆದರೆ ಮರುದಿನ ಅದೇ ಮಾತು ತಲೆಯಲ್ಲಿ ಎದ್ದಾಗ ಗುರುತೇ ಸಿಗುವುದಿಲ್ಲ.